ಕಾಲುವೆ ಏರಿಯ ಮೇಲೆ ನಿಂತ ಸೈಕಲ್ಲು

ಭಾನುವಳ್ಳಿಯ ಹೊನ್ನಕ್ಕ ಯಾರನ್ನೂ ಸುಮ್ಮಸುಮ್ಮನೆ ನಂಬುವ ಹೆಂಗಸಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಸರ್ಕಾರ ಹೇಳಿದಾಗ ಊರಿನ ಹೆಂಗಸರೆಲ್ಲ ಸೀರೆ ಸರಿಮಾಡಿಕೊಂಡು ಹರಿಹರದ ಬಸ್ಸು ಹತ್ತಿದರು. ಹೊನ್ನಕ್ಕ ಮಾತ್ರ, "ಪುಕ್ಕಟೆ ಅಂದ್ರೆ ಇದರಾಗೆ ಏನೋ ಐತೆ" ಎಂದು ಒಂದು ತಿಂಗಳು ಬಸ್‌ಸ್ಟ್ಯಾಂಡಿನ ಕಡೆಗೇ ಸುಳಿಯಲಿಲ್ಲ. ಕೊನೆಗೆ ಹತ್ತಿದಳು, ಆದರೆ ಆ ಪುಕ್ಕಟೆ ಟಿಕೆಟ್ಟನ್ನು ಸೆರಗಿಗೆ ಗಂಟು ಹಾಕಿ ವಾರಗಟ್ಟಲೆ ಇಟ್ಟುಕೊಂಡಳು. ನಾಳೆ ಯಾರಾದರೂ ಮನೆ ಬಾಗಿಲಿಗೆ ಬಂದು ದುಡ್ಡು ಕೇಳಿದರೆ?

ಅವಳ ಗಂಡ ಉಚ್ಚೆಂಗಪ್ಪ ಇದಕ್ಕೆ ಪೂರಾ ಉಲ್ಟಾ. ಮನೆಗೆ ಕಳ್ಳ ನುಗ್ಗಿದರೂ "ಕೂಡ್ರಿ, ನೀರು ಕುಡೀರಿ" ಅನ್ನುವ ಆಸಾಮಿ. ಈ ಮನುಷ್ಯನ ಪಾಲಿನ ಅನುಮಾನವನ್ನೂ ತಾನೇ ಪಡಬೇಕಾಗಿದೆ ಎಂಬುದು ಮದುವೆಯಾದಂದಿನಿಂದ ಹೊನ್ನಕ್ಕನ ದೂರು.

ಇವರಿಗೆ ಇರುವುದು ಎರಡೆಕರೆ ಗದ್ದೆ. ದಾವಣಗೆರೆ ಕಡೆಯಿಂದ ಬರುವ ಡಾಂಬರು ರಸ್ತೆ ಈ ಗದ್ದೆಯ ಮೂಲೆಗೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಹರಿಹರದ ದಿಕ್ಕಿಗೆ ಕಾಲುವೆಯ ಏರಿ ಮೇಲೆ ಜಲ್ಲಿ ಕಲ್ಲಿನ ಮಣ್ಣು ದಾರಿ. ಕಾಲುವೆ ಪಕ್ಕದಲ್ಲೇ ಇದೆ, ಕೈ ಚಾಚಿದರೆ ನೀರು. ಏನು ಪ್ರಯೋಜನ? ಗದ್ದೆ ಎತ್ತರದಲ್ಲಿದೆ, ತೂಬಿನ ನೀರು ಮೇಲಕ್ಕೆ ಹತ್ತುವುದಿಲ್ಲ. ಹಾಗಾಗಿ ಏರಿಯ ಬದಿಗೆ ಒಂದು ಗುಂಡಿ ತೋಡಿ, ಅದರಲ್ಲಿ ಒಂದು ಸಣ್ಣ ಸೀಮೆಎಣ್ಣೆ ಇಂಜಿನ್ ಇಟ್ಟು, ಮೇಲೆ ಹುಲ್ಲು ಮುಚ್ಚಿ, ಕರೀ ಪೈಪನ್ನು ಯಾರಿಗೂ ಕಾಣದ ಹಾಗೆ ಕಾಲುವೆಗೆ ಬಿಟ್ಟಿದ್ದರು. ಕಾಲುವೆಗೆ ಇಂಜಿನ್ ಹಚ್ಚಬಾರದು ಎಂದು ಕಾನೂನು. ಆದರೆ ಆ ಏರಿಯ ಮೇಲೆ ಹುಲ್ಲಿನ ಗುಡ್ಡೆ ಇಲ್ಲದ ಗದ್ದೆಯೇ ಇರಲಿಲ್ಲ. ಪಕ್ಕದ ಕೆಂಚವೀರಪ್ಪನದು ಎರಡು ಗುಡ್ಡೆ. ಅವನಾಚೆ ಕಾಟಮ್ಮನದು ಒಂದು. ಯಾವಾಗಲೋ ಒಮ್ಮೆ ನೀರಾವರಿಯವರು ಟ್ರ್ಯಾಕ್ಟರು ತಂದು ಸಿಕ್ಕಿದ್ದನ್ನೆಲ್ಲ ಹೇರಿಕೊಂಡು ಹೋಗುತ್ತಾರೆ. ಆ ವರ್ಷ ಸಿಕ್ಕಿಬಿದ್ದವರ ನಾಟಿ ಅಲ್ಲಿಗೇ ಮುಗಿಯಿತು.

ಈ ವರ್ಷ ಅದು ಆಗಕೂಡದು. ಹೊನ್ನಕ್ಕ ಭತ್ತದ ಸಸಿಮಡಿ ಹಾಕಿದ್ದಳು. ಸಂಕ್ರಾಂತಿ ದಾಟುತ್ತಲೇ ನಾಟಿ ಆಗಬೇಕು. ಅದಕ್ಕೆ ಬೇಕಾದ್ದು ಎರಡೇ: ಒಂದು ಗುಂಡಿಯೊಳಗಿನ ಇಂಜಿನ್, ಇನ್ನೊಂದು ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹೊನ್ನಕ್ಕ, ಕಾಟಮ್ಮ, ಇನ್ನೂ ಹತ್ತಾರು ಹೆಂಗಸರು ಮೊದಲಿನಿಂದಲೂ ಹೀಗೇ ಒಬ್ಬರ ಕೆಸರಿಗೆ ಇನ್ನೊಬ್ಬರು ಇಳಿದು ನಾಟಿ ಮುಗಿಸಿಕೊಂಡು ಬಂದವರು. ಹೊರಗಿನಿಂದ ಕೂಲಿ ಕರೆಸೋಣ ಅಂದರೆ ನಾಟಿ ಕಾಲದಲ್ಲಿ ಯಾರೂ ಸಿಗುವುದಿಲ್ಲ.

ಇಂಥ ಹೊತ್ತಿನಲ್ಲಿ, ಚಳಿ ಕಚ್ಚತೊಡಗಿದ ಒಂದು ಬೆಳಿಗ್ಗೆ, ಆ ಸೈಕಲ್ಲು ಬಂತು.

ಸೈಕಲ್ಲು ಹೊನ್ನಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಉಚ್ಚೆಂಗಪ್ಪ ಹರೆಯದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲೇ ಹರಿಹರಕ್ಕೆ ಹೋಗಿಬರುತ್ತಿದ್ದವನು. ಆದರೆ ಇದು ಆ ಜಾತಿಯದಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡಿತ್ತು. ಟೈರು ಅಗಲ. ಎರಡೂ ಗಾಲಿಗೆ ಕೆಸರು ಸಿಡಿಯದಂತೆ ಮಡ್ಗಾರ್ಡು. ಹಿಂದಿನ ಕ್ಯಾರಿಯರಿಗೆ ಆ ಕಡೆ ಈ ಕಡೆ ಎರಡು ದಪ್ಪ ಚೀಲ. ಮುಂದೆ ಹಗಲಲ್ಲೂ ಉರಿಯುವ ದೀಪ, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಮೊಬೈಲು. ಸವಾರ ಮೂವತ್ತರ ಆಸುಪಾಸಿನವನು. ಕೈಗೆ ಗ್ಲೌಸು, ಕಿವಿಗೆ ಬಟ್ಟೆ, ಮಂಜಿನಲ್ಲಿ ಬಾಯಿಂದ ಹೊಗೆ ಬಿಡುತ್ತಾ ಬಂದವನು ಡಾಂಬರು ಮುಗಿಯುವಲ್ಲಿ, ಅಂದರೆ ಸರಿಯಾಗಿ ಹೊನ್ನಕ್ಕನ ಹುಲ್ಲಿನ ಗುಡ್ಡೆಯ ಎದುರಿಗೇ ಇಳಿದ!

ಹೊನ್ನಕ್ಕ ಸಸಿಮಡಿಯಲ್ಲಿ ಬಗ್ಗಿದ್ದವಳು ಬಗ್ಗಿದಂತೆಯೇ ಕಣ್ಣು ಮೇಲೆತ್ತಿದಳು. ಅವನು ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಸುಸ್ಸ್ ಎಂದು ಗಾಳಿ ಬಿಟ್ಟ. ಜೇಬಿನಿಂದ ಮುಳ್ಳು ಇರುವ ಒಂದು ದುಂಡನೆಯ ಮೀಟರು ತೆಗೆದು ಹಚ್ಚಿ ನೋಡಿದ. ಮತ್ತೆ ಗಾಳಿ ಬಿಟ್ಟ, ಮತ್ತೆ ನೋಡಿದ. ಆಮೇಲೆ ಎದ್ದು ಸೈಕಲ್ಲನ್ನು ಅದೇ ಹುಲ್ಲಿನ ಗುಡ್ಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಫೋಟೋ ಹೊಡೆದ.

ಅಷ್ಟಕ್ಕೇ ಮುಗಿದಿದ್ದರೆ ದಾರಿಹೋಕ ಅನ್ನಬಹುದಿತ್ತು. ಸಂಜೆ ಅದೇ ಸೈಕಲ್ಲು ಹರಿಹರದ ಕಡೆಯಿಂದ ಏರಿ ಮೇಲೆ ತಿರುಗಿ ಬಂತು. ಅದೇ ಜಾಗದಲ್ಲಿ ನಿಂತು, ಒಂದು ಗೇಣುದ್ದದ ಪಂಪಿನಿಂದ ಮತ್ತೆ ಗಾಳಿ ಹೊಡೆದ, ಮತ್ತೆ ಮೀಟರು ಹಚ್ಚಿದ. ಮರುದಿನವೂ ಅದೇ. ಅದರ ಮರುದಿನವೂ ಅದೇ. ಬೆಳಿಗ್ಗೆ ಬಿಟ್ಟ ಗಾಳಿಯನ್ನು ಸಂಜೆ ತುಂಬುವವನು ಒಂದೋ ಹುಚ್ಚ, ಇಲ್ಲಾ ಸರ್ಕಾರಿ ನೌಕರ ಎಂದು ಹೊನ್ನಕ್ಕ ತೀರ್ಮಾನಿಸಿದಳು. ಮುಖ ನೋಡಿದರೆ ಹುಚ್ಚನ ಹಾಗೆ ಕಾಣಲಿಲ್ಲ.

ಒಂದು ದಿನ ಹೋಗಿ ಎದುರಿಗೇ ನಿಂತಳು.

"ಯಾವೂರಪ್ಪ ನಿಂದು?"

"ದಾವಣಗೆರೆ ರೀ ಅಮ್ಮ, ವಿನೋಬನಗರ. ಬಸವಕಿರಣ್ ಅಂತ. ಹರಿಹರದಾಗೆ ಕಾರ್ಖಾನೆ ಒಂದರ ಸ್ಟೋರಿನಾಗೆ ಕೆಲಸ ಮಾಡ್ತೀನ್ರಿ."

"ಕಾರ್ಖಾನೆಯೋರೆಲ್ಲ ಬೈಕಿನಾಗೆ ಹೋಗ್ತಾರಪ್ಪ. ನಿಂಗೆ ಬೈಕಿಲ್ಲೇನು?"

"ಐತ್ರಿ. ಹೈವೇನಾಗೆ ಲಾರಿ ಹೊಗೆ ಕುಡ್ಕಂತ ಹೋಗೋದು ಯಾಕ ಅಂತ ಈ ದಾರಿ ಹಿಡಿದೆ. ದೂರ ಆಗ್ತದೆ, ಆದ್ರೂ ಚಳಿಗಾಲದಾಗೆ ಇಲ್ಲಿ ಹೋಗೋಕೆ ಭಾಳ ಚಲೋ ರೀ. ಮಳೆಗಾಲದಾಗೆ ಆಗಲ್ಲ, ಎರೆಮಣ್ಣು ಮಡ್ಗಾರ್ಡಿನಾಗೆ ಮೆತ್ತಿಕೊಂಡು ಗಾಲಿ ತಿರುಗೋದೇ ಇಲ್ಲ."

"ಹೂಂ. ಗಾಳಿ ಯಾಕ ಬಿಡ್ತಿ?"

ಅವನಿಗೆ ಯಾರಾದರೂ ಇದನ್ನು ಕೇಳಿದರೆ ಸಾಕು ಎಂಬಷ್ಟು ಖುಷಿ. "ಡಾಂಬರಿನ ಮ್ಯಾಲೆ ಗಾಲಿ ಗಟ್ಟಿ ಇರಬೇಕ್ರಿ, ಸಲೀಸು ಓಡುತ್ತೆ. ಅದೇ ಗಾಳೀಲಿ ಜಲ್ಲಿ ಮ್ಯಾಲೆ ಹೋದ್ರೆ ಗಾಡಿ ಪುಟಿಯುತ್ತೆ, ಚಳಿಗೆ ಮೊದಲೇ ಜೋಮು ಹಿಡಿದ ಬೆರಳು ಪೂರಾ ಮರಗಟ್ಟುತವೆ. ಒಂದೀಟು ಗಾಳಿ ಬಿಟ್ರೆ ಮೆತ್ತಗೆ ಹೋಗುತ್ತೆ, ಜಾರೋದೂ ಇಲ್ಲ. ಸಂಜೆ ಮತ್ತೆ ಗಟ್ಟಿ ಮಾಡ್ಕಂತೀನಿ. ಇದು ದೂರ ಊರು ಸುತ್ತೋಕೆ ಅಂತ ಮಾಡಿದ ಸೈಕಲ್ರಿ. ಹೋದ ವರ್ಷ ಇದ್ರಾಗೆ ಉಳವಿಗೆ ಹೋಗಿಬಂದೆ. ಊರು ಸುತ್ತೋಕೂ ಇದೇ, ಡ್ಯೂಟಿಗೂ ಇದೇ."

"ಫೋಟೋ?"

"ಏನಿಲ್ರಿ, ಸೈಕಲ್ಲಿಂದು. ಮಂಜಿನಾಗೆ ಚಂದ ಬರುತ್ತೆ." ಅವನು ಸ್ವಲ್ಪ ನಾಚಿಕೊಂಡ.

ಒಂದೊಂದು ಪ್ರಶ್ನೆಗೂ ಪಟಪಟನೆ ಉತ್ತರ! ಇಷ್ಟು ಸಲೀಸಾಗಿ ಉತ್ತರ ಹೇಳುವವನು ಮೊದಲೇ ಕಲಿತುಕೊಂಡು ಬಂದಿರಬೇಕು ಎಂದು ಹೊನ್ನಕ್ಕನ ಲೆಕ್ಕ. ಸೈಕಲ್ಲಿನ ಫೋಟೋ ಹೊಡೆದುಕೊಳ್ಳುವ ಗಂಡಸು ಯಾರಿದ್ದಾನೆ ಲೋಕದಲ್ಲಿ? ಹೆಂಡತಿ ಮಕ್ಕಳದು ಹೊಡೆಯುತ್ತಾರೆ, ಹೆಚ್ಚೆಂದರೆ ಎತ್ತಿನದು. ಇವನು ಹೊಡೆಯುವುದು ಹುಲ್ಲಿನ ಗುಡ್ಡೆಯ ಫೋಟೋ, ಸೈಕಲ್ಲು ಬರೀ ನೆಪ. ಮುಂದೆ ನಿಂತ ಮೊಬೈಲಿನಲ್ಲಿ ಯಾವ ಗದ್ದೆ, ಯಾವ ಗುಂಡಿ ಎಲ್ಲ ದಾಖಲಾಗುತ್ತಿರುತ್ತದೆ.

ಅಲ್ಲಿ ಉಚ್ಚೆಂಗಪ್ಪ ಆಗಲೇ ಸೈಕಲ್ಲಿನ ಸುತ್ತ ಮೂರು ಸುತ್ತು ಹಾಕಿ, ಪೆಡಲು ತಿರುಗಿಸಿ, ಬ್ರೇಕು ಹಿಡಿದು ನೋಡಿ, "ಇದು ಕಬ್ಬಿಣದ್ದೇ ಏನ್ರಿ? ಆಹಾ, ನನ್ನ ಕಾಲದಾಗೆ ಇಂಥದ್ದು ಇದ್ದಿದ್ರೆ ಎರಡು ಕ್ಯಾನ್ ಜಾಸ್ತಿ ಹೊರ್ತಿದ್ದೆ ನೋಡ್ರಿ" ಎಂದು ಹಲ್ಲು ಕಿರಿಯುತ್ತಿದ್ದ. ಹೊನ್ನಕ್ಕನಿಗೆ ಮೈ ಉರಿದುಹೋಯಿತು.

ಅವನ ಆ ಎರಡು ಚೀಲದೊಳಗೆ ಏನಿದೆ ಎಂದು ನೋಡದೆ ಅವಳಿಗೆ ನೆಮ್ಮದಿಯಿಲ್ಲ. ಅದಕ್ಕೊಂದು ಉಪಾಯ ಹೂಡಿದಳು. ಚಹಾ. ಗದ್ದೆಗೆ ಬರುವಾಗ ಫ್ಲಾಸ್ಕಿನಲ್ಲಿ ಚಹಾ ತಂದು, "ಚಳ್ಯಾಗೆ ಬರ್ತಿಯಲ್ಲ ತಮ್ಮ, ಒಂದು ಗುಟುಕು ಕುಡಿ" ಎಂದಳು. ಪಾಪ, ಅವನು ಕರಗಿಹೋದ. ಮರುದಿನದಿಂದ ಅದೇ ರೂಢಿಯಾಯಿತು. ಸೈಕಲ್ಲು ಹುಲ್ಲಿಗೆ ಒರಗಬೇಕು, ಅವನು ಗಾಳಿ ಬಿಡಬೇಕು, ಹೊನ್ನಕ್ಕ ಚಹಾ ಬಗ್ಗಿಸಬೇಕು, ಏರಿ ಮೇಲೆ ಹೋಗಿಬರುವವರೆಲ್ಲ ಅದನ್ನು ನೋಡಬೇಕು. ನೋಡಿದವರು ಏನು ಅಂದುಕೊಂಡಾರು ಎಂದು ಹೊನ್ನಕ್ಕನಿಗೆ ಆಗ ಹೊಳೆಯಲೇ ಇಲ್ಲ. ಜಗತ್ತನ್ನೆಲ್ಲ ಅನುಮಾನದಿಂದ ನೋಡುವವಳಿಗೆ ತನ್ನನ್ನೂ ಯಾರಾದರೂ ಹಾಗೆ ನೋಡುತ್ತಾರೆ ಅನ್ನುವುದು ತಲೆಗೆ ಬರುವುದಿಲ್ಲ ನೋಡಿ.

ಒಂದು ದಿನ ಅವನೇ ಚೀಲ ಬಿಚ್ಚಿದ. ಊಟದ ಡಬ್ಬಿ, ಒಂದು ಟ್ಯೂಬು, ನಟ್ಟು ಬಿಚ್ಚುವ ಪಾನ, ಒರೆಸುವ ಬಟ್ಟೆ, ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇಸ್ತ್ರಿ ಮಾಡಿದ ಅಂಗಿ. ಡಬ್ಬಿಯಿಂದ ಒಂದು ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ, "ತಗೊಳ್ರಿ ಅಮ್ಮ, ನಮ್ಮ ಮನೇದು" ಎಂದು ಕೊಟ್ಟ. ಹೊನ್ನಕ್ಕ ತಿಂದಳು. ರೊಟ್ಟಿ ಚೆನ್ನಾಗಿತ್ತು. ಆದರೆ ಅವಳ ಕಣ್ಣೆಲ್ಲ ಆ ಅಂಗಿಯ ಮೇಲೆ. ಸ್ಟೋರಿನಲ್ಲಿ ಕಬ್ಬಿಣ ಎಣಿಸುವವನಿಗೆ ಇಸ್ತ್ರಿ ಅಂಗಿ ಯಾಕೆ? ಇಸ್ತ್ರಿ ಅಂಗಿ ಹಾಕುವವರು ಆಫೀಸಿನ ಸಾಹೇಬರು.

ಅವತ್ತು ಸಸಿಮಡಿಯ ಹತ್ತಿರ ಕಾಟಮ್ಮನ ಮುಂದೆ ಬಾಯಿ ಬಿಟ್ಟಳು. ಕಾಟಮ್ಮ ಅಂದರೆ ಹೊನ್ನಕ್ಕನಿಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಪಕ್ಕದಲ್ಲೇ ಕೆಂಚವೀರಪ್ಪ ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಕಾಟಿ, ಆ ಸೈಕಲ್ ಹುಡುಗ ನೀರಾವರಿಯೋರ ಕಡೆಯೋನು ಕಣೆ. ನಂಗೆ ಗ್ಯಾರಂಟಿ ಆಗೈತೆ. ಇಂಜಿನ್ ಎಲ್ಲೆಲ್ಲಿ ಅದಾವೆ ಅಂತ ಫೋಟೋ ಹೊಡ್ಕಂಡು ಹೋಗ್ತಾನೆ. ನಾವೆಲ್ಲ ನಾಲ್ಕು ದಿನ ತೆಗೆದು ಇಟ್ಕಳಾಣ."

ಕೆಂಚವೀರಪ್ಪ ಹೊಗೆ ಬಿಟ್ಟು ಗಹಗಹಿಸಿ ನಕ್ಕ. "ನೀರಾವರಿ ಸಾಹೇಬ್ರು ಸೈಕಲ್ ಮ್ಯಾಲೆ ಬರ್ತಾರೇನಬೇ? ಅವರಿಗೆ ಜೀಪಿನ ಸೀಟೇ ಗಟ್ಟಿ ಅಂತ ಬೇಜಾರು. ನಿನಗೆ ನಿನ್ನ ನೆರಳು ಕಂಡ್ರೂ ಗುಮಾನಿ!"

ಅವನು ನಕ್ಕರೆ ನಗಲಿ. ಆದರೆ ಕಾಟಮ್ಮನೂ ನಕ್ಕುಬಿಟ್ಟಳು, ಅದೂ ಸೆರಗು ಬಾಯಿಗೆ ಅಡ್ಡ ಹಿಡಿದು, ಭುಜ ಕುಲುಕಿಸಿಕೊಂಡು. "ಚಹಾ ಬ್ಯಾರೆ ಕುಡಿಸ್ತಿಯಲ್ಲೇ ಅವನಿಗೆ! ಮಗಳು ಇದ್ದಿದ್ರೆ ಅಳಿಯನ್ನ ಮಾಡ್ಕಂತಿದ್ದೆ ನೀನು." ಹೊನ್ನಕ್ಕನಿಗೆ ಸಿಟ್ಟು ಬಂತು. ಸಸಿಯ ನಡುವಿನ ಕಳೆ ಕಿತ್ತು ದೂರ ಎಸೆದಳು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಸಂಕ್ರಾಂತಿ ಆಯಿತು. ಇಂಜಿನ್ ಹಚ್ಚಿ ಗದ್ದೆಗೆ ನೀರು ನಿಲ್ಲಿಸಿದರು, ಟ್ರ್ಯಾಕ್ಟರು ಹೊಡೆಸಿ ಕೆಸರು ಮಾಡಿಸಿದರು. ಅವತ್ತು ಸಂಜೆಯೇ ಹೊನ್ನಕ್ಕ ಕಂಡದ್ದು ಏನು! ಡಾಂಬರು ಮುಗಿಯುವಲ್ಲಿ ಒಂದು ಬಿಳಿ ಜೀಪು ನಿಂತಿತ್ತು. ಒಳಗೆ ಇಬ್ಬರು. ಕಿಟಕಿಯ ಪಕ್ಕ ನಮ್ಮ ಬಸವಕಿರಣ ಸೈಕಲ್ ಹಿಡಿದು ನಿಂತು, ಕೈ ಉದ್ದ ಮಾಡಿ ಏರಿಯನ್ನು ತೋರಿಸುತ್ತಿದ್ದ. ಇಲ್ಲಿಂದ ಅಲ್ಲಿತನಕ, ಬೆರಳು ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. ಜೀಪಿನವನು ತಲೆಯಾಡಿಸಿ ಹೊರಟುಹೋದ.

"ಯಾರಪ್ಪ ಅವರು?" ಎಂದು ಕೇಳಿದಳು.

"ಗೊತ್ತಿಲ್ರಿ. ಈ ದಾರಿ ಎಲ್ಲಿಗೆ ಹೋಗುತ್ತೆ, ಜೀಪು ಹೋಗುತ್ತಾ ಅಂತ ಕೇಳಿದ್ರು. ಹೇಳಿದೆ."

ಗೊತ್ತಿಲ್ಲವಂತೆ! ಹೊನ್ನಕ್ಕ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದದ್ದು ನೋಡಿ, ಗಂಡನನ್ನು ಕರೆದುಕೊಂಡು ಗುಂಡಿಯ ಹುಲ್ಲು ಸರಿಸಿದಳು. ಇಂಜಿನ್ ಇಬ್ಬರು ಹಿಡಿದರೆ ಏಳುವಂಥದ್ದು. ಪೈಪು ಸುತ್ತಿ, ಎರಡನ್ನೂ ತಳ್ಳುಗಾಡಿಗೆ ಹಾಕಿ, ಮೇಲೆ ಹಸೀ ಹುಲ್ಲು ಹೇರಿ ಮನೆಗೆ ತಂದು ದನದ ಕೊಟ್ಟಿಗೆಯಲ್ಲಿ ಅಡಗಿಸಿದರು. ಖಾಲಿ ಗುಂಡಿಯ ಮೇಲೆ ಮತ್ತೆ ಹುಲ್ಲು ಮುಚ್ಚಿದರು. ಗದ್ದೆಯಲ್ಲಿ ನೀರು ನಿಂತಿದೆ, ನಾಟಿ ಆಗುವವರೆಗೆ ಸಾಕು.

ಉಚ್ಚೆಂಗಪ್ಪ ಮೊಣಕಾಲು ಒತ್ತಿಕೊಳ್ಳುತ್ತಾ ಅಂದ, "ಏ, ಕಾಟಮ್ಮಗಾದ್ರೂ ಒಂದು ಮಾತು ಹೇಳಿಬಿಡು."

"ಹೇಳಿದ್ದೆನಲ್ಲ. ನಕ್ಕಳಲ್ಲ. ನಗಲಿ ಬಿಡ್ರಿ."

ಹಾಗೆ ಅಂದಳೇ ಹೊರತು ನಾಳೆ ಹೇಳಿದರಾಯಿತು ಎಂದೂ ಒಳಗೆ ಇತ್ತು. ಮರುದಿನ ಕಾಟಮ್ಮ ಹರಿಹರದ ಸಂತೆಗೆ ಹೋಗಿದ್ದಳು. ಅದರ ಮರುದಿನ ಟ್ರ್ಯಾಕ್ಟರುಗಳು ಬಂದವು.

ಪೊಲೀಸರು, ನೀರಾವರಿಯವರು, ಕೂಲಿಯಾಳುಗಳು. ಏರಿಯುದ್ದಕ್ಕೂ ಹುಲ್ಲಿನ ಗುಡ್ಡೆ ಕೆದರುತ್ತಾ ಬಂದರು. ಕೆಳಗಿನ ಊರುಗಳಿಗೆ ನೀರು ಮುಟ್ಟುತ್ತಿಲ್ಲ ಎಂದು ಅಲ್ಲಿಯ ರೈತರು ದಾವಣಗೆರೆಯಲ್ಲಿ ರಸ್ತೆಗೆ ಅಡ್ಡ ಕೂತಿದ್ದರಂತೆ, ಅದಕ್ಕೇ ಈ ದಾಳಿ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿನಲ್ಲಿ ಕಾರಣ ಯಾರಿಗೆ ಬೇಕು? ಕೆಂಚವೀರಪ್ಪನ ಎರಡೂ ಹೋದವು. ಅವನು ಕೂಗಾಡಿದ, ಕೈಮುಗಿದ, ಮತ್ತೆ ಕೂಗಾಡಿದ. ಕಾಟಮ್ಮ ತನ್ನ ಇಂಜಿನ್ನಿನ ಹಿಡಿ ಬಿಡದೆ ಟ್ರ್ಯಾಕ್ಟರಿನ ತನಕ ಅದರ ಜೊತೆಗೇ ಎಳೆದುಕೊಂಡು ಹೋದಳು. ಒಬ್ಬ ಕೂಲಿಯವನು, "ಬಿಡಬೇ ಅವ್ವ, ನಮ್ಮ ಕೈಯಾಗೆ ಏನೈತೆ" ಎಂದು ಬೆರಳು ಬಿಡಿಸಿದ.

ಕೊನೆಗೆ ಹೊನ್ನಕ್ಕನ ಗುಡ್ಡೆಗೆ ಬಂದರು. ಕೋಲು ಚುಚ್ಚಿದರು. ಹುಲ್ಲು ಸರಿಸಿದರು. ಖಾಲಿ ಗುಂಡಿ. ಒಳಗೆ ಒಂದು ಕಪ್ಪೆ ಕೂತಿತ್ತು. ಹಿರೀ ಸಾಹೇಬರು ಗುಂಡಿ ನೋಡಿದರು, ಹೊನ್ನಕ್ಕನನ್ನು ನೋಡಿದರು, ಬಿಸಿಲಿಗೆ ಬೇಸತ್ತವರಂತೆ ಮುಖ ಒರೆಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇಡೀ ಏರಿ ಮೇಲೆ ನಿಯತ್ತಾಗಿರೋರು ಇವರೊಬ್ಬರೇ ನೋಡ್ರಿ. ಇವರನ್ನು ನೋಡಿ ಕಲೀರಿ."

ಹೊನ್ನಕ್ಕನಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಒಳಗೊಳಗೇ ಹಿಗ್ಗಿದಳು. ನಾನು ಹೇಳಿರಲಿಲ್ಲವೇ, ನಕ್ಕಿರಿ, ಈಗ ಅನುಭವಿಸಿ! ಆ ಹಿಗ್ಗಿನಲ್ಲೇ ತಲೆ ಎತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕಾಟಮ್ಮ ಕೂಡ.

ಸಂಜೆ ಸೈಕಲ್ಲು ಬಂತು. ಏರಿ ಮೇಲೆ ಜನ ಇನ್ನೂ ಗುಂಪಾಗಿ ನಿಂತಿದ್ದರು. ಬಸವಕಿರಣ ಇಳಿದು ಕೆದರಿಬಿದ್ದ ಹುಲ್ಲು, ಟ್ರ್ಯಾಕ್ಟರಿನ ಗುರುತು ಎಲ್ಲ ನೋಡಿದ. ಗಾಬರಿಯಿಂದ ನೇರ ಹೊನ್ನಕ್ಕನ ಹತ್ತಿರ ಬಂದು, "ಅಮ್ಮ, ನಿಮ್ಮದು ಉಳೀತೇನ್ರಿ?" ಎಂದ.

"ನನ್ನದು? ನನ್ನದು ಏನು?"

"ಇಂಜಿನ್ ರೀ. ಮೊದಲನೇ ದಿನಾನೇ ಸೀಮೆಎಣ್ಣೆ ವಾಸನೆ ಬಂದಿತ್ತಲ್ಲ ಹುಲ್ಲಿನಾಗೆ. ನಮಗ್ಯಾಕ ಬೇಕು ಅಂತ ಸುಮ್ಮನಿದ್ದೆ. ಉಳೀತಾ? ಸದ್ಯ, ಚಲೋ ಆತು ಬಿಡ್ರಿ!"

ಇವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ಹೇಳಿರಲಿಲ್ಲ. ಹೇಳುವವನೇ ಆಗಿದ್ದರೆ ಯಾವತ್ತೋ ಮೊಟ್ಟಮೊದಲು ಅವಳದೇ ಹೋಗಬೇಕಿತ್ತು. ಗಾಳಿ ಬಿಟ್ಟದ್ದು ಜಲ್ಲಿ ದಾರಿಗೆಂದೇ, ಫೋಟೋ ಸೈಕಲ್ಲಿನದೇ, ಅಂಗಿ ಬೆವರಿಗೆ ಬದಲಾಯಿಸಲು ತಂದ ಅಂಗಿ. ಪಾಪದ ಹುಡುಗ, ಹೇಳಿದ್ದೆಲ್ಲ ನಿಜವನ್ನೇ ಹೇಳಿದ್ದ. ಇತ್ತ ಅವನ "ಚಲೋ ಆತು" ಎಂಬ ಮಾತು ಗುಂಪಿಗೂ ಕೇಳಿತ್ತು. ಕೆಂಚವೀರಪ್ಪ ಬೀಡಿ ನೆಲಕ್ಕೆ ಹಾಕಿ ಮೆಟ್ಟಿದ.

ಕತ್ತಲಾಗುವ ಮುಂಚೆ ಹೊನ್ನಕ್ಕ ಕಾಟಮ್ಮನ ಮನೆಗೆ ಓಡಿದಳು. "ಕಾಟಿ, ನನ್ನ ಇಂಜಿನ್ ಕೊಟ್ಟಿಗ್ಯಾಗೆ ಐತೆ. ತಗಂಡು ಹೋಗಿ ಹಚ್ಕ. ನಿನ್ನ ಗದ್ದೆ ಮೊದಲು ನೆನೀಲಿ."

ಕಾಟಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬ್ಯಾಡ ಬಿಡಕ್ಕ. ನಿನ್ನ ಇಂಜಿನ್ ಯಾರೂ ಹಿಡಿಯಲ್ಲ, ನಾವು ಹಚ್ಚಿದ್ರೆ ಹಿಡೀತಾರೆ."

"ಅಂಗಂದ್ರೆ ಏನೇ?"

"ಏನಿಲ್ಲ. ಕೂಡ್ರು, ರೊಟ್ಟಿ ತಿಂದು ಹೋಗು."

ತಿಂದು ಹೋಗು ಎಂಬ ಮಾತು ಎಂದೂ ಇಷ್ಟು ತಣ್ಣಗೆ ಆ ಮನೆಯಲ್ಲಿ ಕೇಳಿರಲಿಲ್ಲ. ಹೊನ್ನಕ್ಕ ಕೂರದೆ ಬಂದಳು. ದಾರಿಯುದ್ದಕ್ಕೂ ಅಳು ಬಂತು, ಸಿಟ್ಟೂ ಬಂತು. ಅಯ್ಯೋ, ಅವತ್ತೇ ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ!

ಒಂದು ವಾರದಲ್ಲಿ ಹೋದ ಇಂಜಿನ್ನುಗಳೆಲ್ಲ ದಂಡ ಕಟ್ಟಿಸಿಕೊಂಡು ತಿರುಗಿ ಬಂದವು, ಈ ಸಲ ಅದೃಷ್ಟಕ್ಕೆ ಬೇಗನೇ. ಹುಲ್ಲಿನ ಗುಡ್ಡೆಗಳೂ ಎದ್ದವು. ಗದ್ದೆಗಳು ನೆನೆದವು, ನಾಟಿ ಶುರುವಾಯಿತು. ಮೊದಲ ಸರದಿ ಹೊನ್ನಕ್ಕನದೇ, ಮುಂಚೆಯೇ ಮಾತಾಗಿತ್ತು. ಅವಳೂ ಉಚ್ಚೆಂಗಪ್ಪನೂ ಹಿಂದಿನ ದಿನವೇ ಸಸಿ ಕಿತ್ತು, ಕಟ್ಟು ಕಟ್ಟಿ, ಕೆಸರಿನಲ್ಲಿ ಅಲ್ಲಲ್ಲಿ ಹರವಿದರು. ಕಿತ್ತ ಸಸಿ ಕಾಯುವುದಿಲ್ಲ, ಬೇಗ ನೆಡಬೇಕು. ಬೆಳಿಗ್ಗೆ ಮಂಜು ಕರಗುವ ಮೊದಲೇ ಹೊನ್ನಕ್ಕ ಬದುವಿನ ಮೇಲೆ ನಿಂತಳು. ಹೆಂಗಸರಿಗೆಂದು ಮಂಡಕ್ಕಿ, ಮೆಣಸಿನಕಾಯಿ, ದೊಡ್ಡ ಫ್ಲಾಸ್ಕಿನಲ್ಲಿ ಚಹಾ.

ಏರಿ ಮೇಲೆ ಸಾಲಾಗಿ ಬಂದರು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಗೆ ಟವೆಲು ಸುತ್ತಿಕೊಂಡು ಎಂದಿನಂತೆ ಬಂದರು. ಎಂದಿನಂತೆ ಹೊನ್ನಕ್ಕನ ಗದ್ದೆಗೆ ಇಳಿಯಲಿಲ್ಲ. ಒಬ್ಬೊಬ್ಬರಾಗಿ ದಾಟಿ ಮುಂದೆ ಹೋಗಿ ಕೆಂಚವೀರಪ್ಪನ ಗದ್ದೆಗೆ ಇಳಿದರು.

"ಏ ಕಾಟಿ! ಇವತ್ತು ನಮ್ಮದಲ್ಲೇನೆ?"

ಕಾಟಮ್ಮ ಹಿಂತಿರುಗಲಿಲ್ಲ. "ಕೆಂಚವೀರಪ್ಪಣ್ಣ ಕರೆದಾನೆ ಕಣಕ್ಕ. ನಿನಗೇನು, ಸಾಹೇಬ್ರೇ ಆಳು ಕಳಿಸ್ತಾರೆ."

ಯಾರೋ ಕಿಸಕ್ಕೆಂದರು. ಬೈದಿದ್ದರೆ ಹೊನ್ನಕ್ಕ ಎರಡು ಪಟ್ಟು ಬೈಯುತ್ತಿದ್ದಳು, ಬೈಗುಳದಲ್ಲಿ ಅವಳನ್ನು ಸೋಲಿಸುವವರು ಆ ಏರಿ ಮೇಲೆ ಇಲ್ಲ. ಬೈಯಲಿಲ್ಲವಲ್ಲ! ಕೆಸರಿನಲ್ಲಿ ಹರವಿದ ಸಸಿ, ಬದುವಿನ ಮೇಲೆ ಮಂಡಕ್ಕಿ, ಅವಳು.

ಆಗಲೇ ಡಾಂಬರಿನ ಕಡೆಯಿಂದ ದೀಪ ಕಂಡಿತು. ಮಂಜಿನೊಳಗಿಂದ ಟಗರುಕೊಂಬಿನ ಹ್ಯಾಂಡಲ್ಲು, ಎರಡು ಚೀಲ, ಕಿವಿಗೆ ಬಟ್ಟೆ. ಬಸವಕಿರಣ ಗುಡ್ಡೆಯ ಹತ್ತಿರ ಇಳಿದು, ಗಾಲಿಯ ಪಕ್ಕ ಕೂತು ಗಾಳಿ ಬಿಡುತ್ತಾ, "ಅಮ್ಮ, ಇವತ್ತು ನಾಟಿ ಏನ್ರಿ? ಚಹಾ ಐತಾ? ಭಾಳ ಚಳಿ ರೀ ಇವತ್ತು" ಎಂದು ಕೂಗಿದ.

ಪಕ್ಕದ ಗದ್ದೆಯಲ್ಲಿ ಬಗ್ಗಿದ್ದ ಬೆನ್ನುಗಳೆಲ್ಲ ನೆಟ್ಟಗಾದವು. ಕೈಯಲ್ಲಿ ಸಸಿ ಹಿಡಿದು ಎಲ್ಲರೂ ಇತ್ತಲೇ ನೋಡಿದರು. ಹೊನ್ನಕ್ಕನ ಕೈ ಫ್ಲಾಸ್ಕಿಗೆ ಹೋಯಿತು. ಕೊಟ್ಟರೆ, ಇವನೂ ತಾನೂ ಸೇರಿಯೇ ಇಂಜಿನ್ ಹಿಡಿಸಿದೆವು ಎಂಬ ಅವರ ಅನುಮಾನ ಖಾತ್ರಿಯಾಯಿತು. ಇವನನ್ನು ಓಡಿಸಿದರೆ ನಾಳೆಯಾದರೂ ಕಾಟಮ್ಮ ಬರಬಹುದು, ಸಸಿ ಉಳಿಯಬಹುದು. ಕೈ ಹಿಂದಕ್ಕೆ ತೆಗೆದುಕೊಂಡಳು.

"ಯಾರಪ್ಪ ನೀನು?" ಏರಿಗೆಲ್ಲ ಕೇಳುವಂತೆ ಕಿರುಚಿದಳು. "ದಿನಾ ಇಲ್ಲೇ ಯಾಕ ನಿಲ್ಲಿಸ್ತಿ? ಬ್ಯಾರೆ ಜಾಗ ಇಲ್ಲೇನು? ನಡಿ, ನಡಿ ಇಲ್ಲಿಂದ! ಮತ್ತೆ ಈ ಕಡೆ ಬಂದ್ರೆ ನೋಡು!"

ಬಸವಕಿರಣ ಕೂತಲ್ಲೇ ತಲೆ ಎತ್ತಿದ. ತಮಾಷೆ ಇರಬಹುದೆಂದು ಮೊದಲು ನಕ್ಕ. ಅವಳ ಮುಖ ನೋಡಿ ಆ ನಗು ಹಾಗೇ ನಿಂತಿತು. ಗಾಲಿಯ ಮುಚ್ಚಳ ಹಾಕಿದ, ಎದ್ದ, "ಆಗ್ಲಿ ರೀ ಅಮ್ಮ" ಎಂದು ಮೆಲ್ಲಗೆ ಹೇಳಿ ಸೈಕಲ್ ಹತ್ತಿದ. ಜಲ್ಲಿಯ ಮೇಲೆ ಗಾಲಿಯ ಸದ್ದು ಸ್ವಲ್ಪ ಹೊತ್ತು ಕೇಳಿತು. ಉಚ್ಚೆಂಗಪ್ಪ ಹೆಂಡತಿಯನ್ನು ನೋಡಿದ.

ಹೊನ್ನಕ್ಕ ಪಕ್ಕದ ಗದ್ದೆಯತ್ತ ತಿರುಗಿದಳು. ಈಗಲಾದರೂ ನೋಡಿದಿರಾ? ಕಾಟಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದವಳಿಗೆ ಹೇಳುವ ಹಾಗೆ, ಆದರೆ ಇಲ್ಲಿಗೆ ಕೇಳುವ ಹಾಗೆ ಅಂದಳು:

"ನೋಡಿದ್ಯಾ? ನಾವು ಅದೀವಿ ಅಂತ 'ಯಾರಪ್ಪ ನೀನು' ಅಂತಾಳೆ. ದಿನಾ ಚಹಾ ಕುಡಿಸಿದ ಕೈ ಅದು!"

ಹೊನ್ನಕ್ಕ ಬಾಯಿ ತೆರೆದಳು. ಹೇಳುವುದಾದರೂ ಏನು? ಅವನನ್ನು ಹಿಡಿಯಲೆಂದೇ ಚಹಾ ಕೊಟ್ಟೆ ಅನ್ನುವುದೇ? ಸೈಕಲ್ಲಿಗೆ ಹೆದರಿ ಇಂಜಿನ್ ತೆಗೆದೆ, ನೀನು ನಕ್ಕೆ ಅಂತ ಸಿಟ್ಟಿಗೆ ನಿನಗೆ ಹೇಳಲಿಲ್ಲ ಅನ್ನುವುದೇ? ಎಲ್ಲ ನಿಜವೇ. ಇದನ್ನೇ ಕಾಟಮ್ಮ ಬಂದು ತನ್ನ ಮುಂದೆ ಹೇಳಿದ್ದರೆ ತಾನು ನಂಬುತ್ತಿದ್ದೆನೇ ಎಂದು ಒಂದು ಗಳಿಗೆ ಯೋಚಿಸಿದಳು. ಉಹೂಂ. ಎಳ್ಳಷ್ಟೂ ನಂಬುತ್ತಿರಲಿಲ್ಲ.

ತೆರೆದ ಬಾಯಿ ಮುಚ್ಚಿಕೊಂಡು, ಸೀರೆ ಎತ್ತಿ ಕಟ್ಟಿ, ಒಬ್ಬಳೇ ಕೆಸರಿಗೆ ಇಳಿದಳು. ಎರಡೆಕರೆ ಒಬ್ಬಳ ಕೈಗೆ ಮುಗಿಯುವುದಲ್ಲ. ಮೊದಲ ಕಟ್ಟು ಬಿಚ್ಚಿ ಸಸಿ ಊರತೊಡಗಿದಳು.